ತಿರುಗಿ ಬಾರದ ಬನ್ನಿ

"ಒಂದ ಟ್ರಂಕೇನು?"

ಮೂರು ವರ್ಷದ ಮೇಲೆ ಕಂಡ ಗಂಡ ಕೇಳಿದ ಮೊದಲ ಮಾತು ಅದು!

ಮಲೇಶಿಯಾದ ವಿಮಾನ ನಿಲ್ದಾಣದಲ್ಲಿ ಶಿವಕಾಂತಾ ಸೆರಗು ಬಿಗಿಹಿಡಿದು ನಿಂತಳು. "ಹೌದ್ರಿ," ಎಂದಷ್ಟೇ ಬಾಯಿಗೆ ಬಂತು.

ಮದುವೆಯಾದ ಹನ್ನೊಂದನೇ ದಿನ ಬಸವಂತರಾಯ ಇಲ್ಲಿನ ಎಣ್ಣೆ ಗಿರಣಿಗೆ ಫಿಟ್ಟರಾಗಿ ಬಂದಿದ್ದ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟಿದ್ದ ಶಿವಕಾಂತಾ ಕಿಣ್ಣಿ ಸುಲ್ತಾನವೆಂಬ ಹಳ್ಳಿಯಲ್ಲಿ ಅತ್ತೆ-ಮಾವನ ಹತ್ತಿರ ಉಳಿದಳು. ಅವನ ಕಾಗದ ಬಂದರೆ ಮಾವ ಪಡಸಾಲೆಯಲ್ಲಿ ಎಲ್ಲರೆದುರು ಓದುತ್ತಿದ್ದರು. ಉತ್ತರವನ್ನೂ ಅವರೇ ಬರೆಯುತ್ತಿದ್ದರು. ಅದರಲ್ಲಿ ಅವಳ ಮನಸ್ಸಿಗೆ ಜಾಗವೆಲ್ಲಿ?

ಹೋದ ದಸರಾದಲ್ಲಿ ಮಾತ್ರ, ಲಕೋಟೆ ಅಂಟಿಸುವ ಮುನ್ನ ಒಂದು ಎಸಳು ಬನ್ನಿಯನ್ನು ಒಳಗೆ ಜಾರಿಸಿದ್ದಳು.

ಬನ್ನಿ ತಗೊಂಡವರು ಹಳೆಯ ಮುನಿಸು ಮರೆತು ತಿರುಗಿ ಬನ್ನಿ ಕೊಡಬೇಕು. ಅವನಿಂದ ಬನ್ನಿಯೂ ಬರಲಿಲ್ಲ, ಆ ಬಗ್ಗೆ ಒಂದು ಮಾತೂ ಬರಲಿಲ್ಲ.

ಮನೆಗೆ ಬಂದವನೇ ಅವಳಿಗೆ ಮಂಚ ಬಿಟ್ಟು, ತಾನು ಹೊರಕೋಣೆಯಲ್ಲಿ ಚಾಪೆ ಹಾಸಿದ.

"ಅಪ್ಪನ ಜುಲುಮಿಗೆ ಬಂದೀಯೋ ಏನೋ... ಮನಸ್ಸು ಹತ್ತಲಿಲ್ಲಂದ್ರ ದಸರಾ ಆದ ಮ್ಯಾಲ ಊರಿಗೆ ಕಳಸ್ತೇನಿ."

ಅವಳಿಗೆ ಕೇಳಿಸಿದ್ದು 'ಕಳಸ್ತೇನಿ' ಒಂದೇ. 'ನಾ ಬ್ಯಾಡಾಗೇನಿ...'

ಅದು ಎಪ್ಪತ್ತಾರನೇ ಇಸವಿ. ರಂಜಾನ್ ಮುಗಿದು ವಾರಕ್ಕೇ ದಸರಾ. ರಂಜಾನ್ ಹಬ್ಬದ ದಿನ ಪಕ್ಕದ ಮನೆಯ ಯೂಸೋಫ್, ರೋಹಾನಾ ದಂಪತಿ, ಅಲ್ಲಿನ ರೂಢಿಯಂತೆ, ಬಂದವರಿಗೆಲ್ಲ ಊಟವೆಂದು ಬಾಗಿಲು ತೆರೆದಿಟ್ಟರು. ಚೀನೀ ಅಂಗಡಿಯವನು, ತಮಿಳು ಮೇಷ್ಟ್ರು, ಎಲ್ಲರೂ ಬಂದರು. ಮಾಂಸ ತಿನ್ನದ ಶಿವಕಾಂತಾಳಿಗೆಂದು ರೋಹಾನಾ ತೆಂಗಿನಹಾಲಿನ ಅನ್ನ ಬೇರೆಯೇ ಮಾಡಿದ್ದಳು.

ನಡುವೆ ರೋಹಾನಾ ಗಂಡನ ಎರಡೂ ಕೈ ಹಿಡಿದು ಏನೋ ಅಂದಳು. ಅವನೂ ಅಂದ. ಇಬ್ಬರ ಕಣ್ಣೂ ಒದ್ದೆ.

"ಏನಂದ್ರುರಿ ಅವರು?"

"ವರ್ಷದಾಗ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊ ಅಂತ. ಹಬ್ಬದ ದಿನ ಇಬ್ರೂ ಕೇಳ್ತಾರ."

"ನಮ್ಮ ಬನ್ನಿ ಇದ್ದಂಗ!" ಬಾಯಿ ಜಾರಿತು.

ಬಸವಂತರಾಯ ಮುಖ ತಿರುಗಿಸಿದ.

ದಸರಾದಂದು ಇವರ ಬಾಗಿಲು ತೆರೆಯುವ ಸರದಿ. ರೋಹಾನಾ ನಾಲ್ಕನೇ ಹೋಳಿಗೆ ಮುರಿಯುತ್ತ ಏನೋ ಗದರಿದಳು. ಬಸವಂತರಾಯ ನಕ್ಕ.

"ನಿನ್ನ ಊರಿಗೆ ಕಳಿಸಿದ್ರ ನನಗ ತನ್ನ ಬಾಗಲಾ ತಗೆಂಗಿಲ್ಲ ಅನ್ನಾಕತ್ತಾಳ!"

ಶಿವಕಾಂತಾಳಿಗೆ ನಗು ಬರಲಿಲ್ಲ. ಎಲ್ಲರೂ ಹೋದ ಮೇಲೆ ಟ್ರಂಕಿನಿಂದ, ಹೊರಡುವಾಗ ಹೊಲದಲ್ಲಿ ಕಿತ್ತುಕೊಂಡಿದ್ದ ಬನ್ನಿಯ ಗಂಟು ತೆಗೆದಳು. ಒಂದು ಎಸಳು ಅವನ ಕೈಗಿಟ್ಟು ಬಾಗಿದಳು.

"ಹ್ವಾದ ವರ್ಷದ್ದು ತಿರುಗಿ ಬರಲಿಲ್ರಿ. ಇದನ್ನರೆ ತಗೋರಿ... ಆಮ್ಯಾಲ ಕಳಸ್ರಿ."

ಬಸವಂತರಾಯ ಕಿಸೆಯ ಪಾಕೀಟು ಬಿಚ್ಚಿದ. ಒಳಗೆ ಕಂದಿ ಪುಡಿಯಾಗುತ್ತಿದ್ದ ಒಂದು ಎಸಳು ಬನ್ನಿ!

"ಈ ದೇಶದಾಗ ಬನ್ನಿ ಗಿಡಾನ ಸಿಗಲಿಲ್ಲ, ಶಿವಕಾಂತಾ. ನಿಂದ ನಿನಗ ಕಳಿಸಿದ್ರ ಒಲ್ಲೆ ಅಂದಂಗ ಆಗ್ತಿತ್ತು. ಬರೀಲೆಂದ್ರ ಅಪ್ಪ ಎಲ್ಲಾರ ಮುಂದ ಓದ್ತಾನ!"

"ಮತ್ತ ಕಳಸ್ತೇನಿ ಅಂದ್ರಿ?"

"ಒಂದ ಟ್ರಂಕ ತಂದಿ... ಉಳಿಯಾಕ ಬಂದಿಲ್ಲ ಅನ್ಕೊಂಡೆ."

ಅವಳ ಕಣ್ಣು ತುಂಬಿದವು. "ಉಳಿದ ಸೀರಿ ಎಲ್ಲಾ ನಿಮ್ಮ ತಂಗಿಗೆ ಕೊಟ್ಟ ಬಂದೇನ್ರಿ. ತಿರುಗಿ ಹೋಗಾಕಿಲ್ಲಂತ..."

ಬಸವಂತರಾಯ ಗಂಟಿನಿಂದ ಇನ್ನೊಂದು ಎಸಳು ಎತ್ತಿ ಅವಳ ಅಂಗೈಯಲ್ಲಿಟ್ಟ. ರೋಹಾನಾ ಹಿಡಿದಂತೆಯೇ ಅವಳು ಅವನ ಎರಡೂ ಕೈ ಹಿಡಿದಳು.

"ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ."

"ನೀನೂ ಹಾಕ್ಕೊ."

"ಊರಿಗೆ ಇನ್ನ ಯಾವಾಗ್ರಿ?"

"ಇಬ್ರೂ ಕೂಡೇ ಹೋಗೋಣ... ಈ ಗಂಟಿನ ಬನ್ನಿ ತೀರಿದ ಮ್ಯಾಲ!"