ಜೇನಿಗೆ ಹೇಳದ ಸುದ್ದಿ

ಏಳು ಕಡಲಿನಾಚೆ, ಯವನರ ನಾಡಿನಲ್ಲಿ, ದೇವರುಗಳಿಗೆ ಬರವೇ ಇಲ್ಲದ ಕಾಲದಲ್ಲಿ, ಅರಿಸ್ತಾಯನೆಂಬ ಪುಡಿದೇವರೊಬ್ಬನಿದ್ದ. ಸಿಡಿಲು, ಕಡಲು, ಯುದ್ಧ ಎಲ್ಲವನ್ನೂ ದೊಡ್ಡವರು ಹಂಚಿಕೊಂಡ ಮೇಲೆ ಇವನ ಪಾಲಿಗೆ ಉಳಿದದ್ದು ಜೇನುಗೂಡು. ಅದಕ್ಕೇನೂ ಬೇಸರವಿರಲಿಲ್ಲ, ಪಾಪ. ಗೂಡು ಮೆತ್ತುವುದು, ಹೊಗೆ ಹಾಕುವುದು, ಜೇನು ಹಿಂಡುವುದು ಎಲ್ಲವನ್ನೂ ಜನರಿಗೆ ಕಲಿಸಿದವನೇ ಅವನು.

ಒಂದು ವಸಂತದಲ್ಲಿ ಜೇನುಹುಳುಗಳು ಗೂಡಿನ ಬಾಯಲ್ಲೇ ಉದುರಿ ಸಾಯತೊಡಗಿದವು. ಅರಿಸ್ತಾಯನಿಗೆ ತಲೆಬುಡ ತಿಳಿಯಲಿಲ್ಲ. ರೋಗವೋ, ಮಾಟವೋ? ಗೂಡು ಬದಲಿಸಿದ, ಮದ್ದು ಹಾಕಿದ, ಕೊನೆಗೆ ತನಗೆ ತಾನೇ ಹರಕೆ ಹೊತ್ತ. ದೇವರಿಗೇ ದಿಕ್ಕು ತೋಚದಿದ್ದರೆ ಇನ್ನಾರನ್ನು ಕೇಳುವುದು ಹೇಳಿ! ಉಳಿದದ್ದು ಒಂದೇ ಗೂಡು. ಅದೂ ಹೋದರೆ ನಾಡಿನಲ್ಲಿ ಜೇನಿನ ಕುಲವೇ ಇಲ್ಲ. ಹೊಳೆಯ ದೇವತೆಯಾದ ಅವನ ತಾಯಿ, ಕಡಲಲ್ಲಿ ರೂಪ ಬದಲಿಸುವ ಮುದುಕನೊಬ್ಬನಿದ್ದಾನೆ, ಅವನಿಗೆ ತಿಳಿಯದ್ದಿಲ್ಲ, ಹೋಗಿ ಹಿಡಿ, ಅವನು ಏನೇ ಆದರೂ ಕೈಬಿಡಬೇಡ ಎಂದು ಕಳಿಸಿದಳು.

ಕಡಲದಂಡೆಯ ಬಂಡೆಯ ಮೇಲೆ ಮಲಗಿದ್ದ ಮುದುಕನನ್ನು ಅವನು ತಬ್ಬಿ ಹಿಡಿದ. ಮುದುಕ ಸಿಂಹವಾದ; ಇವನು ಬಿಡಲಿಲ್ಲ. ಹಾವಾದ, ಬಿಡಲಿಲ್ಲ. ಧಗಧಗ ಉರಿವ ಬೆಂಕಿಯಾದ. ಹಿಡಿದದ್ದು ಯಾರನ್ನು, ಏಕೆ ಎಂಬುದೇ ಮರೆಯುವಷ್ಟು ಗಲಿಬಿಲಿಯಾದರೂ ಬಿಡಲಿಲ್ಲ. ಸೋತ ಮುದುಕ ಮತ್ತೆ ಮುದುಕನಾಗಿ, ನಿನ್ನ ಮನೆಯಲ್ಲೇ ಬೆಳೆದು ಗೂಡುಗಳನ್ನು ನೋಡಿಕೊಳ್ಳುತ್ತಿದ್ದ ಹುಡುಗಿ ಫಿಲಿನ್ನ ಎಲ್ಲಿ ಎಂದು ಕೇಳಿದ. ಅರಿಸ್ತಾಯ ಕಕ್ಕಾಬಿಕ್ಕಿಯಾದ. ಹೊಗೆ ಹೆಚ್ಚು ಹಾಕಿದಳೆಂದು ಗದರಿದ್ದೆ, ಮುನಿಸಿಕೊಂಡು ಓಡಿದಳು, ಸಿಟ್ಟಿಳಿದರೆ ಬರುತ್ತಾಳೆ ಎಂದ. ಅದಕ್ಕೂ ಇದಕ್ಕೂ ಏನು ಸಂಬಂಧ?

"ಹೊಳೆದಂಡೆಯ ಜೊಂಡಿನಲ್ಲಿ ಅವಳಿಗೆ ಹಾವು ಕಚ್ಚಿತು, ಮಗನೇ. ಅವಳಿನ್ನು ಬರುವುದಿಲ್ಲ," ಎಂದ ಮುದುಕ. "ಮನೆಯಲ್ಲಿ ಸಾವಾದರೆ ಮೊದಲು ಜೇನಿಗೆ ತಿಳಿಸಬೇಕೆಂದು ಜನರಿಗೆ ಕಲಿಸಿದವನು ನೀನು. ನಿನ್ನ ಹುಳುಗಳು ಹೂವಿಗೂ ಹೋಗದೆ ಅವಳ ದಾರಿ ಕಾಯುತ್ತ ಸಾಯುತ್ತಿವೆ."

"ನನಗೇ ಗೊತ್ತಿರಲಿಲ್ಲವಲ್ಲ, ಅಜ್ಜ."

"ಹುಡುಕಿದ್ದರೆ ಗೊತ್ತಾಗುತ್ತಿತ್ತು."

ಅರಿಸ್ತಾಯ ಮನೆಗೆ ಬಂದು ಕೊನೆಯ ಗೂಡಿನ ಮುಂದೆ ಕುಳಿತು ಮೆಲ್ಲಗೆ ತಟ್ಟಿದ. ಹುಳುಗಳಿಗೆ ಹೇಳಿದ: "ಫಿಲಿನ್ನ ಸತ್ತುಹೋದಳು. ನಾನು ಗದರಿದೆ. ಅವಳು ಓಡಿದಳು. ನಾನು ಹಿಂದೆ ಹೋಗಲಿಲ್ಲ." ಹೇಳಿ ಬಿಕ್ಕಿಬಿಕ್ಕಿ ಅತ್ತ.

ಹುಳುಗಳು ಒಂದೊಂದಾಗಿ ಹೊರಬಂದು ಅವನ ಕೈಮೇಲೆ ಕುಳಿತವು. ಒಂದೂ ಕಚ್ಚಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇದ್ದು, ಹೂವಿನ ಗುಡ್ಡದ ಕಡೆಗೆ ಹಾರಿದವು.

ಮುಂದಿನ ವಸಂತಕ್ಕೆ ಗೂಡುಗಳೆಲ್ಲ ತುಂಬಿದವು, ನಾಡಿನವರು ರೊಟ್ಟಿಗೆ ಜೇನು ಹಚ್ಚಿಕೊಂಡು ತಿಂದು ನೆಮ್ಮದಿಯಾಗಿದ್ದರು. ಅರಿಸ್ತಾಯನೂ ಇದ್ದ. ಆದರೆ ಯಾರ ಮನೆಯಿಂದಲೇ ಆಗಲಿ, ಯಾರಾದರೂ ಮುನಿಸಿಕೊಂಡು ಎದ್ದು ಹೋದರೆ, ಆ ಪುಡಿದೇವರು ಕೈಯಲ್ಲಿದ್ದ ಕೆಲಸ ಬಿಟ್ಟು ಅವರ ಹಿಂದೆಯೇ ಓಡುತ್ತಿದ್ದನಂತೆ.