ಗಾಗಲ್ಸ್‌ನಲ್ಲಿ ಕಂಡ ಬೆನ್ನು

ಬಾಗಿಲು ತಳ್ಳಿ ಒಳಗೆ ಕಾಲಿಟ್ಟಳಷ್ಟೇ... ಗುಂಯ್‌ಗುಡುತ್ತಾ ಏನೋ ಒಂದು ಅವಳ ಮುಖಕ್ಕೇ ನುಗ್ಗಿ ಬಂತು!

ಮೂಗಿನಿಂದ ಗೇಣು ದೂರದಲ್ಲಿ ಗಕ್ಕನೆ ನಿಂತಿತು. ಅಂಗೈಯಗಲದ ಡ್ರೋನ್.

"ಕ್ಷಮಿಸಿ!" ಅಂಗಡಿಯವನು ಕಣ್ಣಿಗೆ ಕಟ್ಟಿದ್ದ ದಪ್ಪ ಗಾಗಲ್ಸ್ ತೆಗೆದ. "ಇದರ ಕ್ಯಾಮೆರಾ ಕಣ್ಣಲ್ಲಿ ನಿಮ್ಮನ್ನ ನೋಡಿ... ಕೈ ಅಲ್ಲೇ ನಿಂತ್ಬಿಡ್ತು."

ಅವಳ ಎದೆ ಡವಗುಟ್ಟಿತು. ಭಯಕ್ಕೋ, ಆ ನೋಟಕ್ಕೋ?

ಹಳೇ ಕಟ್ಟಡಗಳ ಗಟ್ಟಿತನ ಪರೀಕ್ಷಿಸುವ ಇಂಜಿನಿಯರ್ ಅವಳು. ಮಂಡಿ ಮುರಿದ ಮೇಲೆ ಏಣಿ ಹತ್ತುವ ಹಾಗಿರಲಿಲ್ಲ.

"ಹಾರಿಸೋದು ಕಲೀಬೇಕು, ಕಂಡಿದ್ದೆಲ್ಲ ರೆಕಾರ್ಡೂ ಆಗ್ಬೇಕು. ಆ ದೊಡ್ಡದು ಕೊಡಿ."

"ಮೊದಲ ಸವಾರಿಗೇ ಹುಚ್ಚು ಕುದುರೆ ಯಾಕೆ? ಈ ಚಿಕ್ಕದು ತಗೊಳ್ಳಿ. ರೆಕ್ಕೆ ಸುತ್ತ ಗಾರ್ಡ್ ಇದೆ, ಗುದ್ದಿದ್ರೂ ತಡ್ಕೊಳ್ಳುತ್ತೆ. ರಿಮೋಟು, ಗಾಗಲ್ಸು ಜೊತೆಗೇ ಬರುತ್ತೆ. ಗಾಗಲ್ಸಲ್ಲಿ ಕಂಡಿದ್ದೆಲ್ಲ ಅದರಲ್ಲೇ ರೆಕಾರ್ಡ್ ಆಗುತ್ತೆ."

ವಾರವಿಡೀ ಅಂಗಡಿಯಲ್ಲೇ ಅವನು ಕಲಿಸಿದ. ಅವಳು ಸೋಫಾಕ್ಕೆ ಗುದ್ದಿಸಿದಾಗಲೆಲ್ಲ, "ಸೋಫಾದ್ದೇ ತಪ್ಪು, ಅಡ್ಡ ಬಂತು!" ಎಂದು ನಗಿಸಿದ.

ಆಮೇಲೆ ಅವಳೊಬ್ಬಳೇ ಅಂಗಡಿಯ ಹಿಂದಿನ ಪಾಳು ಗಿರಣಿಗೆ ಹೋದಳು. ಅದರ ಪರೀಕ್ಷೆಯೇ ಅವಳ ಕೆಲಸ. ಅಂಗಳದಲ್ಲಿ ಕುರ್ಚಿ ಹಾಕಿ, ಗಾಗಲ್ಸ್ ಕಟ್ಟಿ, ಡ್ರೋನ್ ಎಬ್ಬಿಸಿದಳು.

ಒಡೆದ ಕಿಟಕಿ... ಖಾಲಿ ಕೋಣೆ... ತಟ್ಟನೆ ಚಿತ್ರ ಕದಡಿತು.

ಮರುಕ್ಷಣ ಕಂಡಿದ್ದು ಒಂದು ಬೆನ್ನು. ಕುರ್ಚಿ. ಜಡೆ.

ಅದು ಅವಳದ್ದೇ ಬೆನ್ನು!

ಗಾಗಲ್ಸ್ ಕಿತ್ತೆಸೆದು ತಿರುಗಿದಳು. ಯಾರೂ ಇಲ್ಲ...

ಮರುದಿನವೂ ಹಾಗೇ ಆಯಿತು. ಅಂಗಡಿಗೆ ಓಡಿ ಕಂಡಿದ್ದನ್ನೆಲ್ಲ ಹೇಳಿದಳು.

ಅವನು ತಲೆ ತಗ್ಗಿಸಿದ. "ಅಂಗಡಿ ಮಾಳಿಗೆ ಮೇಲೆ ರಿಪೇರಿಗೆ ಬಂದ ಡ್ರೋನ್ ಪರೀಕ್ಷೆ ಮಾಡ್ತಿದ್ದೆ. ನಿಮ್ಮ ಗಾಗಲ್ಸಿಗೂ ಅದೇ ಸಿಗ್ನಲ್ ಚಾನೆಲ್. ಅದರ ಚಿತ್ರ ನಿಮಗೆ ಕಂಡಿದೆ. ಮೊದಲ ದಿನ ಆಕಸ್ಮಿಕ. ಎರಡನೇ ದಿನ... ನಿಮ್ಮನ್ನ ನೋಡೋ ಆಸೆಗೆ."

"ಆಸೆ ಇದ್ರೆ ಎದುರಿಗೆ ಬರ್ಬೇಕಿತ್ತು! ಕಳ್ಳನ ಹಾಗೆ ಬೆನ್ನ ಹಿಂದೆ ಅಲ್ಲ!"

ಕಣ್ಣೀರು ನುಂಗಿ ಹೊರಟುಹೋದಳು. 'ನಾನು ನಂಬಿದ್ದು ಇವನನ್ನಾ?'

ಹತ್ತು ದಿನ ಅಂಗಡಿಯತ್ತ ಸುಳಿಯಲಿಲ್ಲ. ಹನ್ನೊಂದನೇ ದಿನ, ಗಿರಣಿಯಲ್ಲಿ, ಚಿತ್ರ ಮತ್ತೆ ಕದಡಿತು.

ಈ ಸಲ ಅವಳು ಪಕ್ಕದಿಂದ ಕಾಣುತ್ತಿದ್ದಳು. ಹಿಂದಿನ ಗೋಡೆ ಸದ್ದಿಲ್ಲದೆ ಅವಳತ್ತ ಬಾಗುತ್ತಿತ್ತು... ತಾನೇ ಗಟ್ಟಿಯೆಂದು ಬರೆದುಕೊಟ್ಟಿದ್ದ ಗೋಡೆ!

ಕುಂಟುತ್ತಲೇ ಓಡಿದಳು. ಬೆನ್ನ ಹಿಂದೆ ಇಟ್ಟಿಗೆಗಳು ದಬದಬನೆ ಉರುಳಿದವು. ಕುರ್ಚಿ ಅಪ್ಪಚ್ಚಿಯಾಯಿತು.

ಮೈಯೆಲ್ಲ ಧೂಳಾಗಿಯೇ ಅಂಗಡಿಗೆ ಬಂದಳು.

"ನೀವು ನೋಡ್ತಿದ್ರಿ, ಅದಕ್ಕೇ ಬದುಕಿದೆ. ಇನ್ನು ಕೋಪ ಇಲ್ಲ..."

ಅವನ ಮುಖ ಬಿಳಿಚಿಕೊಂಡಿತು. 'ಹೌದು' ಎಂದರೆ ಸಾಕಿತ್ತು, ಅವಳು ಅವನವಳಾಗುತ್ತಿದ್ದಳು.

"ನಾನಲ್ಲ," ಎಂದ. "ಅವತ್ತಿಂದ ಒಂದೂ ಡ್ರೋನ್ ಮುಟ್ಟಿಲ್ಲ."

ಗಾಗಲ್ಸ್‌ನ ರೆಕಾರ್ಡಿಂಗ್ ಇಬ್ಬರೂ ನೋಡಿದರು.

"ಇದು ಮಾಳಿಗೆಯಿಂದ ತೆಗೆದಿದ್ದಲ್ಲ," ಎಂದ ಅವನು. " ಆಳೆತ್ತರದಿಂದ... ಯಾರೋ ನಿಮ್ಮ ಪಕ್ಕದಲ್ಲೇ ನಿಂತು ನೋಡಿದ ಹಾಗಿದೆ."

ಯಾರೆಂದು ಅವರಿಗೆ ಕೊನೆಗೂ ತಿಳಿಯಲಿಲ್ಲ.

"'ನಾನೇ' ಅಂದಿದ್ರೆ ನಂಬಿಬಿಡ್ತಿದ್ದೆ," ಎಂದಳು ಮೆಲ್ಲಗೆ.

"ಗೊತ್ತು. ನಿಮ್ಮ ಮೇಲೆ ಪ್ರಾಣ ಇಟ್ಕೊಂಡಿದ್ದೀನಿ... ಸುಳ್ಳು ಹೇಳಿ ಪಡ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ."

ಅವಳ ಕಣ್ಣು ತುಂಬಿತು.

"ನನ್ನ ಕೈ ನಡುಗ್ತಿದೆ..."

"ನನ್ನದೂ."

"ಹಾಗಾದ್ರೆ ಹಿಡ್ಕೊಳ್ಳಿ."

"ಎಷ್ಟು ಹೊತ್ತು?"

"ಬಿಡಿ ಅಂತ ನಾನು ಹೇಳೋವರೆಗೆ." ಅವನ ಭುಜಕ್ಕೆ ಒರಗಿದಳು. "ನಾನು ಹೇಳಲ್ಲ."