ಏಳನೇ ಜಾಗದ ಕಪ್ಪೆ

“ಶ್!” ಅಂದಳು ಪಿಸು, ಬೆಕ್ಕಿಗೆ.

ಪಾಪ, ಬೆಕ್ಕು ಏನೂ ಅಂದಿರಲಿಲ್ಲ. ಗೋಡೆಯ ಮೇಲೆ ಕೂತು ಕಾಲು ನೆಕ್ಕಿಕೊಳ್ಳುತ್ತಿತ್ತು, ಅಷ್ಟೆ. ಆದರೆ ಕಪ್ಪೆ ಎಣಿಸುವ ಮೂರು ನಿಮಿಷ ಬೆಕ್ಕಾದರೂ ಸರಿ, ಮನುಷ್ಯರಾದರೂ ಸರಿ, ತುಟಿ ಪಿಟಕ್ ಅನ್ನುವಂತಿಲ್ಲ.

ಪಿಸು ಕೂತಿದ್ದದ್ದು ಬೋರಲು ಹಾಕಿದ ಪೇಂಟ್ ಡಬ್ಬದ ಮೇಲೆ. ಮುಂದೆ ಒಂದು ದೊಡ್ಡ ಗುಂಡಿ. ಯಾರೋ ಕಟ್ಟಡ ಕಟ್ಟುತ್ತೇವೆ ಅಂತ ತೋಡಿ, ಹಾಗೇ ಬಿಟ್ಟು ಹೋಗಿದ್ದರು. ಮಳೆ ನೀರು ನಿಂತು ಸುತ್ತಲೂ ಹುಲ್ಲು ಎದೆಯೆತ್ತರ ಬೆಳೆದಿತ್ತು. ಬೆನ್ನ ಹಿಂದೆ ಅಮ್ಮ ಕೆಲಸ ಮಾಡುವ ಲಾಂಡ್ರಿಯ ಗೋಡೆ. ಹೋಟೆಲು, ಆಸ್ಪತ್ರೆಗಳ ಬೆಡ್‌ಶೀಟೆಲ್ಲ ಒಗೆಯಲು ಅಲ್ಲಿಗೇ ಬರುತ್ತಿದ್ದವು.

ಕಪ್ಪೆ ಎಣಿಸುವುದು ಅಂದರೆ ಹಿಡಿದು ಬುಟ್ಟಿಗೆ ಹಾಕಿ ಎಣಿಸುವುದಲ್ಲ. ಅದು ಯಾರ ಕೈಲೂ ಆಗದ ಕೆಲಸ. ಊರಿನಲ್ಲಿ ಎಲ್ಲೆಲ್ಲಿ ಕಪ್ಪೆ ಇವೆ ಅಂತ ಲೆಕ್ಕ ಇಡುವ ಇವರು ಎಣಿಸುವುದು ಕಿವಿಯಿಂದ. ಪ್ರತಿ ಶನಿವಾರ, ಹೊತ್ತು ಮುಳುಗಿದ ಮೇಲೆ, ನಿಮ್ಮ ಜಾಗದಲ್ಲಿ ಮೂರು ನಿಮಿಷ ಸುಮ್ಮನೆ ಕೂರಬೇಕು. ಒಂದೂ ಕೂಗದಿದ್ದರೆ ಸೊನ್ನೆ. ಲೆಕ್ಕ ಹಿಡಿಯಲು ಬರುವಷ್ಟು ಕೂಗಿದರೆ ಒಂದು. ಒಂದರ ದನಿಯ ಮೇಲೆ ಇನ್ನೊಂದು ಬಿದ್ದರೆ ಎರಡು. ಕಿವಿ ಮುಚ್ಚಿಕೊಳ್ಳುವಷ್ಟು ಗದ್ದಲವಾದರೆ ಮೂರು.

ಅಪ್ಪನ ಹಳೇ ವಾಚಿನಲ್ಲಿ ಮೂರು ನಿಮಿಷ ಮುಗಿಯಿತು. ಪಿಸು ಹಾಳೆಯಲ್ಲಿ ‘೦’ ಬರೆದಳು. ‘ಬೇರೆ ಸದ್ದು’ ಅನ್ನುವ ಕಾಲಂನಲ್ಲಿ ‘ಇರಲಿಲ್ಲ’ ಅಂತ ಬರೆದಳು. ‘ವಿವರ’ ಅನ್ನುವ ಕಡೆ ‘ಕಪ್ಪೆ ಇಲ್ಲ’ ಅಂತ ಬರೆದಳು. ಕಳೆದ ಶನಿವಾರವೂ ಇದನ್ನೇ ಬರೆದಿದ್ದಳು. ಆಮೇಲೆ ಡಬ್ಬವನ್ನು ಗೋಡೆಗೆ ಒರಗಿಸಿ, ಮುಂಬಾಗಿಲಿಗೆ ಓಡಿದಳು. ಏಳೂಕಾಲಿಗೆ ಅಮ್ಮನ ಕೆಲಸ ಮುಗಿಯುತ್ತದೆ, ಏಳೂ ಇಪ್ಪತ್ತಕ್ಕೆ ಬಸ್ಸು.

ಪಿಸು ಅವಳ ನಿಜವಾದ ಹೆಸರಲ್ಲ. ಮೂರು ತಿಂಗಳ ಹಿಂದೆ ಈ ಊರಿಗೆ ಬಂದಾಗ ಲಾಂಡ್ರಿಯ ಆಂಟಿಯರು ಇಟ್ಟ ಹೆಸರು. “ಏನೇ ಇದು, ಪಿಸುಪಿಸು ಅಂತೀಯ! ಹೊಟ್ಟೆಗೆ ತಿಂದಿಲ್ವಾ?” ಅಂತ ನಕ್ಕಿದ್ದರು. ಹಳೇ ಊರಿನಲ್ಲಿ ಅವಳ ಮಾತು ಎಲ್ಲರಿಗೂ ಕೇಳುತ್ತಿತ್ತು. ಅಲ್ಲಿ ಗೆಳತಿಯರು ಕಿವಿಯ ಹತ್ತಿರವೇ ಇದ್ದರು. ಇಲ್ಲಿ ಹತ್ತಿರ ಯಾರೂ ಇಲ್ಲ.

ಭಾನುವಾರ ಅವಳು ಹಾಳೆ ತಗೊಂಡು ಮೆಷಿನ್ ಮಾಮನ ಅಂಗಡಿಗೆ ಹೋದಳು. ಹೊಲಿಗೆ ಮೆಷಿನ್ ರಿಪೇರಿ ಮಾಡುವ ಅಂಗಡಿ ಅದು. ಊರಿನ ಕಪ್ಪೆ ಲೆಕ್ಕವೆಲ್ಲ ಬಂದು ಸೇರುವುದೂ ಅಲ್ಲಿಗೇ. ಆ ಪಟ್ಟಿಯಲ್ಲಿ ಪಿಸುವಿನ ಗುಂಡಿ ಏಳನೇ ಜಾಗ. ಮಾಮ ಮೆಷಿನ್ನಿನ ಚಕ್ರ ಒಂದು ಸುತ್ತು ತಿರುಗಿಸಿ, ತಲೆ ವಾಲಿಸಿ ಕೇಳಿ, “ಹಿಂದಿನ ಸ್ಕ್ರೂ ಸಡಿಲ” ಅನ್ನುತ್ತಿದ್ದರು. ಬಿಚ್ಚಿ ನೋಡಿದರೆ ಸಡಿಲವೇ ಇರುತ್ತಿತ್ತು. ಅಂಥಾ ಕಿವಿ!

“ಏನಮ್ಮಾ, ಏಳನೇ ಜಾಗದ ಸಮಾಚಾರ?”

“ಸೊನ್ನೆ.”

“ಆಂ?”

“ಸೊನ್ನೆ, ಮಾಮ.”

ಮಾಮ ಕನ್ನಡಕ ಏರಿಸಿ ಹಾಳೆ ನೋಡಿದರು. “‘ಕಪ್ಪೆ ಇಲ್ಲ.’ ಗುಂಡಿಗೆ ಇಳಿದು ಹುಡುಕಿದ್ಯಾ?”

“ಇಲ್ಲ.”

“ಹುಲ್ಲೆಲ್ಲ ಸರಿಸಿ ನೋಡಿದ್ಯಾ?”

“ಇಲ್ಲ.”

“ಮತ್ತೆ ಇಲ್ಲ ಅಂತ ಹೆಂಗೆ ಬರೆದೆ? ನಿಂಗೆ ಕೇಳಿಸಲಿಲ್ಲ. ನಿಂಗೆ ಗೊತ್ತಿರೋದು ಅಷ್ಟೇ ತಾನೆ? ‘ಇಲ್ಲ’ ಅನ್ನೋದು ಬೇರೆ, ‘ಕೇಳಿಸಲಿಲ್ಲ’ ಅನ್ನೋದು ಬೇರೆ. ಗೊತ್ತಿರೋದಷ್ಟೇ ಬರೀಬೇಕು, ತಿಳೀತಾ?”

ಪಿಸು ಕೆಂಪು ಪೆನ್ನಿನಲ್ಲಿ ತಿದ್ದಿದಳು. ಮಾಮ ಎಣ್ಣೆ ಡಬ್ಬಿ ಕೆಳಗಿಟ್ಟು ಹೇಳಿದರು.

“ಇನ್ನೊಂದು ವಾರ ನೋಡೋಣ ಪುಟ್ಟಾ. ಸಾಲಾಗಿ ಮೂರು ಸೊನ್ನೆ ಬಂದ್ರೆ ಆ ಜಾಗ ಪಟ್ಟಿಯಿಂದ ತೆಗೀಬೇಕು. ಆಮೇಲೆ ನಿನ್ನ ದೊಡ್ಡ ಕೆರೆ ಟೀಮಿಗೆ ಹಾಕ್ತೀನಿ. ನಿನ್ನ ಸ್ಕೂಲಿನೋರೇ ಎಂಟು ಜನ ಇದಾರೆ ಅಲ್ಲಿ. ಮಜಾ ಇರತ್ತೆ.”

ಮಜಾ ಇರುವುದಿಲ್ಲ ಅಂತ ಪಿಸುಗೆ ಗೊತ್ತಿತ್ತು. ಆ ಎಂಟು ಜನ ಇಬ್ಬಿಬ್ಬರಾಗಿ ಕೂರುತ್ತಾರೆ. ಅವಳು ಒಂಬತ್ತನೆಯವಳು. ಏಳನೇ ಜಾಗ ಅವಳೊಬ್ಬಳದೇ. ಅಲ್ಲಿ ಒಂಟಿಯಾಗಿ ಕೂತರೆ ಯಾಕೆ ಒಂಟಿಯಾಗಿ ಕೂತೆ ಅಂತ ಯಾರೂ ಕೇಳುವುದಿಲ್ಲ. ಅವಳಿಗೆ ಆ ಗುಂಡಿಯಲ್ಲಿ ಒಂದು ಕಪ್ಪೆ ಇರಲೇಬೇಕಿತ್ತು. ಹೆಚ್ಚೇನಲ್ಲ, ಒಂದೇ ಒಂದು.

ಈಗ ಸ್ಕೂಲಿನ ಕತೆ ಕೇಳಿ.

ಬೆಳಿಗ್ಗೆ ಮಿಸ್ ಹಾಜರಿ ಕೂಗುತ್ತಾರೆ. ಹೆಸರಲ್ಲ, ರೋಲ್ ನಂಬರ್. ತಲೆ ಎತ್ತುವುದಿಲ್ಲ, ರಿಜಿಸ್ಟರಿಗೇ ಹೇಳುವ ಹಾಗೆ ಸರಸರ ಕೂಗುತ್ತಾರೆ. ಪಿಸು ತಡವಾಗಿ ಸೇರಿದವಳು, ಹಾಗಾಗಿ ಕೊನೆಯ ನಂಬರ್, ಕೊನೆಯ ಬೆಂಚು. ನಲವತ್ತೊಂದು ಬರುವ ಹೊತ್ತಿಗೆ ಉಳಿದ ನಲವತ್ತು ಜನರ ಕೆಲಸ ಮುಗಿದಿರುತ್ತದೆ. ಬ್ಯಾಗಿನ ಜಿಪ್ಪು ಜರ್ ಅನ್ನುತ್ತದೆ, ಬೆಂಚು ಕಿರ್ ಅನ್ನುತ್ತದೆ, ಟಿಫನ್ ಬಾಕ್ಸು ಢಣ್ ಅಂತ ಬೀಳುತ್ತದೆ. ಆ ಗಲಾಟೆಯಲ್ಲೇ ಪಿಸು “ಪ್ರೆಸೆಂಟ್ ಮಿಸ್” ಅನ್ನುತ್ತಾಳೆ.

ಮಿಸ್ ಕೆಟ್ಟವರೇನಲ್ಲ. “ನಿಮ್ಮನ್ನ ಸುಮ್ನೆ ಕೂರಿಸೋದೂ ಒಂದೇ, ತಕ್ಕಡೀಲಿ ಕಪ್ಪೆ ತೂಗೋದೂ ಒಂದೇ!” ಅಂತ ದಿನಾ ಗಂಟಲು ಹರಿದುಕೊಳ್ಳುತ್ತಾರೆ. ಅವರ ತಲೆಯ ಮೇಲೆ ‘ಮಾತು ಬೆಳ್ಳಿ, ಮೌನ ಬಂಗಾರ’ ಅನ್ನುವ ಚಾರ್ಟು ನೇತಾಡುತ್ತಿತ್ತು. ಹಾಗೆ ನೋಡಿದರೆ ಇಡೀ ಕ್ಲಾಸಿನಲ್ಲಿ ಬಂಗಾರ ಇದ್ದದ್ದು ಪಿಸು ಹತ್ತಿರ ಮಾತ್ರ.

ಬುಧವಾರ ಮನೆಗೆ ಒಂದು ಕಾಗದ ಬಂತು. ಅಮ್ಮ ಎರಡು ಸಲ ಓದಿದಳು.

“ನಾಲ್ಕು ದಿನ ಆಬ್ಸೆಂಟ್ ಅಂತೆ! ಎಲ್ಲಿ ಹೋಗಿದ್ದೆ?”

“ಸ್ಕೂಲಿಗೆ.”

“ಸುಳ್ಳು ಹೇಳ್ಬೇಡ. ನಾನೇ ಬಸ್ ಹತ್ತಿಸಿ ಬರ್ತೀನಿ. ಆಮೇಲೆ ಎಲ್ಲಿ ಇಳ್ಕೊಂಡೆ?”

“ಸ್ಕೂಲಿಗೇ ಹೋಗಿದ್ದೆ ಅಮ್ಮ. ಪ್ರೆಸೆಂಟ್ ಅಂತಾನೂ ಹೇಳ್ದೆ.”

“ಹೇಳಿದ್ರೆ ಯಾಕೆ ಇಲ್ಲ ಅಂತ ಬರೀತಾರೆ? ನನ್ನಾಣೆ?”

“ನಿನ್ನಾಣೆ.”

ಅಮ್ಮ ಕಾಗದ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. “ಸೋಮವಾರ ಬಂದು ಮಾತಾಡ್ಬೇಕಂತೆ. ಕೆಲಸಕ್ಕೆ ಸೇರಿ ಇನ್ನೂ ಮೂರೇ ತಿಂಗಳು, ಈಗಲೇ ರಜೆ ಕೇಳಿದ್ರೆ ಮ್ಯಾನೇಜರ್ ಮುಖ ಗಂಟು ಹಾಕ್ಕೋತಾರೆ.”

“ನಾನೇ ಹೇಳ್ತೀನಿ ಮಿಸ್‌ಗೆ.”

“ನೀನಾ? ನೀನು ಮಾತಾಡಿದ್ರೆ ನಿನ್ನ ಕಾಲರಿಗೇ ಕೇಳಲ್ಲ!”

ಅಮ್ಮ ತಮಾಷೆಗೆ ಅಂದದ್ದೋ ಸಿಟ್ಟಿಗೆ ಅಂದದ್ದೋ ಗೊತ್ತಾಗಲಿಲ್ಲ. ಎರಡರಲ್ಲಿ ಯಾವುದೇ ಆಗಿರಲಿ, ಪಿಸುಗೆ ನೋವಾಯಿತು. ಮಿಸ್‌ಗೆ ತಾನು ಇದ್ದದ್ದು ಗೊತ್ತಿಲ್ಲ. ಪಕ್ಕದ ಬೆಂಚಿನವರಿಗೂ ಗೊತ್ತಿಲ್ಲ, ಗೊತ್ತಿದ್ದರೆ ಹೇಳುತ್ತಿದ್ದರು. ಈಗ ಅಮ್ಮನಿಗೂ ಅನುಮಾನ. ತಾನು ಸ್ಕೂಲಿನಲ್ಲಿ ಇದ್ದೆ ಅನ್ನುವುದಕ್ಕೆ ಯಾರೂ ಸಾಕ್ಷಿಯೇ ಇಲ್ಲವಲ್ಲ!

ಮೂರನೇ ಶನಿವಾರ ಬಂತು. ಪಿಸು ಡಬ್ಬದ ಮೇಲೆ ಕೂತಳು. ವಾಚು ನೋಡಿದಳು. ಒಂದು ನಿಮಿಷ. ಎರಡು ನಿಮಿಷ. ‘ಕೂಗೋ ಮಾರಾಯ, ಒಂದೇ ಸಲ ಕೂಗು’ ಅಂತ ಮನಸ್ಸಿನಲ್ಲೇ ಬೇಡಿಕೊಂಡಳು. ಮೂರು ನಿಮಿಷ.

ಏನೂ ಇಲ್ಲ. ಅಲ್ಲಲ್ಲ, ಏನೂ ಕೇಳಿಸಲಿಲ್ಲ.

ಪಿಸು ಪೆನ್ಸಿಲ್ ತಗೊಂಡು ‘ಬೇರೆ ಸದ್ದು’ ಕಡೆ ಎಂದಿನಂತೆ ‘ಇರಲಿಲ್ಲ’ ಅಂತ, ಲೆಕ್ಕದ ಕಡೆ ‘೧’ ಅಂತ ಬರೆದಳು. ಯಾರು ನೋಡುತ್ತಾರೆ? ಬೆಕ್ಕು ನೋಡುತ್ತಿತ್ತು. ಪಿಸು ಆ ಒಂದನ್ನೇ ದಿಟ್ಟಿಸಿದಳು. ಆ ಒಂದು ಬರೀ ಪೆನ್ಸಿಲ್ಲಿನ ಗೀಟು, ಅದರಲ್ಲಿ ಕಪ್ಪೆ ಇರಲಿಲ್ಲ. ರಬ್ಬರ್ ತೆಗೆದು ಹಾಳೆ ಹರಿಯುವಷ್ಟು ಉಜ್ಜಿದಳು. ಕಣ್ಣಲ್ಲಿ ನೀರು ಬಂತು.

“ಹೋ, ಇಲ್ಲೇ ಇದೀಯಾ!”

ಮೆಷಿನ್ ಮಾಮ! ಹರಿದ ಬೆಡ್‌ಶೀಟ್ ಹೊಲಿಯುವ ಲಾಂಡ್ರಿಯ ಮೆಷಿನ್ ಕೆಟ್ಟಿತ್ತಂತೆ, ಅದನ್ನು ರಿಪೇರಿ ಮಾಡಿ ಹಿತ್ತಲ ಬಾಗಿಲಿನಿಂದ ಬಂದಿದ್ದರು. ಕೈಯಲ್ಲಿ ಸಾಮಾನಿನ ಚೀಲ. ಅವರು ಹಾಳೆ ನೋಡಿದರು. ಉಜ್ಜಿದ ಜಾಗವನ್ನೂ ನೋಡಿದರು. ಆಮೇಲೆ ‘ಬೇರೆ ಸದ್ದು’ ಕಾಲಂ ಮೇಲೆ ಎಣ್ಣೆ ಹತ್ತಿದ ಬೆರಳಿಟ್ಟರು.

“ಇದೇನಿದು? ‘ಇರಲಿಲ್ಲ’ ಅಂತ ಬರೆದಿದೀಯ?”

“ಇರಲಿಲ್ಲ ಮಾಮ. ಬೆಕ್ಕೂ ಸುಮ್ನಿತ್ತು.”

“ಮತ್ತೆ ಈ ಸದ್ದು?”

“ಯಾವ ಸದ್ದು?”

ಮಾಮ ಬೆರಗಾಗಿ ಅವಳನ್ನೇ ನೋಡಿದರು. ಆಮೇಲೆ ಅವಳ ಕೈ ಹಿಡಿದು ಲಾಂಡ್ರಿಯ ಗೋಡೆಗೆ ಒತ್ತಿದರು. ಗೋಡೆ ಗುಂಯ್ ಅಂತ ನಡುಗುತ್ತಿತ್ತು. ಮೇಲೆ, ಬಟ್ಟೆ ಒಣಗಿಸುವ ಮೆಷಿನ್ನಿನ ಬಿಸಿಗಾಳಿ ಹೊರಗೆ ತಳ್ಳುವ ದೊಡ್ಡ ಫ್ಯಾನು. ಮೂರು ತಿಂಗಳಿಂದ ದಿನಾ ಸಂಜೆ ಅದರ ಕೆಳಗೇ ಕೂತು ಹೋಂವರ್ಕ್ ಮಾಡಿ, ಪಿಸುವಿನ ಕಿವಿ ಅದನ್ನು ಕೇಳುವುದನ್ನೇ ಬಿಟ್ಟುಬಿಟ್ಟಿತ್ತು.

“ಇದು ಯಾವಾಗ ನಿಲ್ಲತ್ತೆ?”

“ಏಳೂಕಾಲಿಗೆ. ಆದ್ರೆ ಅಷ್ಟೊತ್ತಿಗೆ ನಾನು ಮುಂದೆ ಓಡ್ತೀನಿ, ಬಸ್ಸಿಗೆ.”

“ಇವತ್ತು ಓಡ್ಬೇಡ.”

ಇಬ್ಬರೂ ಕಾದರು. ಏಳೂಕಾಲಿಗೆ ಫ್ಯಾನು ನಿಧಾನವಾಯಿತು, ಕೆಮ್ಮಿತು, ನಿಂತಿತು. ಕಿವಿಯಲ್ಲಿ ತುರುಕಿದ್ದ ಹತ್ತಿಯನ್ನು ಯಾರೋ ತೆಗೆದ ಹಾಗಾಯಿತು. ದೂರದ ರಸ್ತೆಯ ಹಾರನ್ ಕೇಳಿತು. ಹುಲ್ಲು ಸರಸರ ಅಂದದ್ದು ಕೇಳಿತು. ಆಗಲೇ ಗೋಡೆಯ ಮೂಲೆಯಿಂದ ಅಮ್ಮ ದಡದಡ ಬಂದಳು. “ಏ, ಬಸ್ಸು ಹೋಗ್ಬಿಡತ್ತಲ್ಲೇ! ಇಲ್ಲೇನ್ ಮಾಡ್ತಿದೀಯ?”

ಮಾಮ ತುಟಿಯ ಮೇಲೆ ಬೆರಳಿಟ್ಟರು. “ಇನ್ನೊಂದು ಬಸ್ಸು ಬರತ್ತಮ್ಮಾ. ಮೂರು ನಿಮಿಷ ಸುಮ್ನೆ ನಿಂತ್ಕೊಳ್ಳಿ.”

ಪಿಸು ವಾಚು ನೋಡಿದಳು. ಎರಡನೇ ನಿಮಿಷದಲ್ಲಿ, ಗುಂಡಿಯ ಆ ಮೂಲೆಯಲ್ಲಿ—

ಕ್ರೊಂಕ್.

ಪಿಸು ಆ ಮೂಲೆಯತ್ತ ತಿರುಗಿದಳು.

ಕ್ರೊಂಕ್.

ಅದಕ್ಕೆ ಬೇರೆ ಯಾವ ಕಪ್ಪೆಯೂ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ಮತ್ತೆ ಕೂಗಿತು. ಗಟ್ಟಿಯಾಗಿ ಏನಲ್ಲ. ಸಣ್ಣ ದನಿ. ಹೋದ ಶನಿವಾರವೂ ಅದು ಹೀಗೇ ಕೂಗಿತ್ತೇನೋ. ಅದರ ಹಿಂದಿನ ಶನಿವಾರವೂ ಕೂಗಿತ್ತೇನೋ. ಪಿಸು ಆಗ ಬಸ್ಸಿನಲ್ಲಿ ಕೂತಿದ್ದಳು, ಹಾಳೆಯಲ್ಲಿ ‘ಇಲ್ಲ’ ಅಂತ ಬರೆದು.

ಅಮ್ಮನ ಕೈ ಅವಳ ಭುಜದ ಮೇಲೆ ಬಂತು. ಒಗೆದ ಬಟ್ಟೆಯ ಬಿಸಿ ಇನ್ನೂ ಆ ಕೈಯಲ್ಲಿತ್ತು. ಮೂರು ನಿಮಿಷ ಮುಗಿದ ಮೇಲೆ ಪಿಸು ಹಾಳೆಯಲ್ಲಿ ಹೊಸ ಸಮಯ ಬರೆದು, ಪಕ್ಕದಲ್ಲಿ ‘೧’ ಅಂತ ಬರೆದಳು. ಈ ಸಲ ಪೆನ್ನಿನಲ್ಲಿ.

ಬಸ್ಸಿನಲ್ಲಿ ಅಮ್ಮ ಹೇಳಿದಳು, “ಸೋಮವಾರ ರಜೆ ಕೇಳ್ತೀನಿ. ನಾನೂ ಬರ್ತೀನಿ ನಿನ್ನ ಜೊತೆ.”

“ಬೇಡಮ್ಮ. ಗೊತ್ತಾಯ್ತು ನಂಗೆ.”

“ಏನ್ ಗೊತ್ತಾಯ್ತು?”

ಪಿಸು ಹೇಳಲಿಲ್ಲ. ಬಸ್ಸಿನಲ್ಲಿ ತುಂಬಾ ಸದ್ದಿತ್ತು.

ಸೋಮವಾರ ಮಿಸ್ ರಿಜಿಸ್ಟರ್ ತೆರೆದರು. ಮೂವತ್ತೊಂಬತ್ತು. ನಲವತ್ತು. ಜಿಪ್ಪು ಜರ್ ಅಂತು, ಬೆಂಚು ಕಿರ್ ಅಂತು. ನಲವತ್ತೊಂದು. ಪಿಸು ಬಾಯಿ ತೆರೆಯಲಿಲ್ಲ. ಎದ್ದು, ಬೆಂಚುಗಳ ನಡುವೆ ನಡೆದು, ಮಿಸ್ ಮೇಜಿನ ಹತ್ತಿರ ಹೋಗಿ ನಿಂತಳು. ಮಿಸ್ ಪೆನ್ನು ಆಗಲೇ ಅವಳ ಸಾಲಿಗೆ ಬಂದಿತ್ತು.

“ಮಿಸ್, ಇಲ್ಲ ಅಂತ ಬರೀಬೇಡಿ. ನಾನು ಇದ್ದೀನಿ. ನಿಮಗೆ ಕೇಳಿಸಲಿಲ್ಲ, ಅಷ್ಟೆ.”

ಮಿಸ್ ತಲೆ ಎತ್ತಿದರು. “ನೀನು ನಲವತ್ತೊಂದಾ?” ಅವರ ಬೆರಳು ರಿಜಿಸ್ಟರಿನ ಮೇಲೆ ಹಿಂದಕ್ಕೆ ಸರಿಯಿತು. ಒಂದು, ಎರಡು, ಮೂರು, ನಾಲ್ಕು. “ಈ ನಾಲ್ಕು ದಿನಾನೂ?”

“ಇದ್ದೆ ಮಿಸ್. ಹೇಳ್ದೆ. ಬೆಂಚಿನ ಸದ್ದಿತ್ತು.”

ಮಿಸ್ ಅವಳ ಮುಖ ನೋಡಿದರು. ಆಮೇಲೆ, “ಹೋಗಿ ನಿನ್ನ ಜಾಗದಲ್ಲಿ ಕೂತ್ಕೋ” ಅಂದರು. ಅವಳು ಕೂತ ಮೇಲೆ ಎದ್ದು ನಿಂತರು. “ಎಲ್ರೂ ಕೈ ಕಟ್ಟಿ. ಬ್ಯಾಗ್ ಮುಟ್ಬೇಡಿ. ಉಸಿರು ಬೇಕಾದ್ರೆ ಬಿಡಿ.”

ಒಂದಿಬ್ಬರು ಕಿಸಕ್ಕೆಂದರು. ಆಮೇಲೆ ಅದೂ ನಿಂತಿತು. ಕಿಟಕಿಯ ಹೊರಗೆ ಯಾರೋ ಗುಡಿಸುತ್ತಿದ್ದ ಪೊರಕೆಯ ಸದ್ದು ಕೇಳತೊಡಗಿತು.

“ನಲವತ್ತೊಂದು.”

“ಪ್ರೆಸೆಂಟ್ ಮಿಸ್.”

ಪಿಸು ಕೂಗಲಿಲ್ಲ. ದಿನಾ ಹೇಳುತ್ತಿದ್ದ ಹಾಗೇ ಹೇಳಿದಳು, ಅದೇ ಸಣ್ಣ ದನಿಯಲ್ಲಿ. ಅದು ಏಳು ಸಾಲು ಬೆಂಚು ದಾಟಿ ಮಿಸ್ ಮೇಜಿನವರೆಗೂ ಹೋಯಿತು.

ಮಿಸ್ ಬರೆದುಕೊಂಡರು. ಹಿಂದಿನ ನಾಲ್ಕು ದಿನದ್ದನ್ನೂ ತಿದ್ದಿದರು. ಮುಂದಿನ ಬೆಂಚಿನ ಹುಡುಗಿ ಒಮ್ಮೆ ತಿರುಗಿ ನೋಡಿ, ಮತ್ತೆ ಮುಂದಕ್ಕೆ ತಿರುಗಿಕೊಂಡಳು. ಎಲ್ಲೋ ಒಂದು ಜಿಪ್ಪು ಜರ್ ಅಂತು, ಬೆಂಚು ಕಿರ್ ಅಂತು, ಗಲಾಟೆ ಮೊದಲಿನಂತೆಯೇ ಶುರುವಾಯಿತು.

ಪಿಸು ಕೈ ಕಟ್ಟಿಕೊಂಡು ಇನ್ನೂ ಹಾಗೇ ಕೂತಿದ್ದಳು. ಆ ಕ್ಲಾಸಿನಲ್ಲಿ ತನ್ನ ದನಿಯನ್ನು ಅವಳೂ ಕೇಳಿದ್ದು ಅದೇ ಮೊದಲು.